ಕಲ್ಲು ಹಳ್ಳಕ್ಕೆ ಬೀಳದ ದಿನ

ಕೇಳಿರಿ ಮೊಮ್ಮಕ್ಕಳೇ, ನಾನು ಚಿಕ್ಕವಳಿದ್ದಾಗಲೇ ನಮ್ಮೂರ ಹಳ್ಳದ ಸೇತುವೆಗೆ ಮುಪ್ಪು ಬಂದಿತ್ತು. ಚಕ್ಕಡಿ ದಾಟಿದರೆ ಕಮಾನಿನ ಸಂದಿಯಿಂದ ಗಾರೆ ಪುಡಿಪುಡಿಯಾಗಿ ಉದುರುತ್ತಿತ್ತು. ನವಲಗುಂದದ ಬಸ್ಸು ಈಚೆ ದಡದಲ್ಲಿ ಜನರನ್ನು ಇಳಿಸಿ, ತಾನು ಖಾಲಿಯಾಗಿ ದಾಟಿ, ಆಚೆ ದಡದಲ್ಲಿ ಮತ್ತೆ ಹತ್ತಿಸಿಕೊಳ್ಳುತ್ತಿತ್ತು. ಒಂದು ಬೇಸಿಗೆಯಲ್ಲಿ ಅದನ್ನು ಒಡೆದು ಹೊಸದು ಕಟ್ಟಿಸಲು ಮೇಸ್ತ್ರಿಯೊಬ್ಬರು ಬಂದರು. ಒಡೆಯುವ ಕೂಲಿಗೆ ನಮ್ಮ ಅಪ್ಪ, ಅವ್ವ ಇಬ್ಬರೂ ಹೋದರು.

ನಮ್ಮದು ಎರೆಭೂಮಿ. ಬಾವಿ ತೋಡಿದರೆ ಸವಳು ನೀರು, ಅದರಲ್ಲಿ ಬೇಳೆ ಕೂಡ ಬೇಯುತ್ತಿರಲಿಲ್ಲ. ಬೇಸಿಗೆಯಲ್ಲಿ ಕುಡಿಯುವ ನೀರು ಸಿಗುತ್ತಿದ್ದದ್ದು ಸೇತುವೆಯ ಕೆಳಗಿನ ಉಸುಕಿನಲ್ಲಿ ಮಾತ್ರ. ಮೊಳಕಾಲುದ್ದ ಗುಂಡಿ ತೋಡಿ ಕಾದು ಕೂತರೆ ತಣ್ಣಗಿನ ಸಿಹಿನೀರು ಸುತ್ತಲಿಂದ ಒಸರುತ್ತಿತ್ತು. ಅದಕ್ಕೆ ವರತಿ ಎನ್ನುತ್ತಿದ್ದೆವು. ಚಿಪ್ಪಿನಿಂದ ಗೋರಿ ಗೋರಿ ಒಂದು ಕೊಡ ತುಂಬುವಷ್ಟರಲ್ಲಿ ಬಿಸಿಲು ಬೆನ್ನಿಗೆ ಏರಿರುತ್ತಿತ್ತು.

ಆ ದಿನ ಅಕ್ಕನೂ ನಾನೂ ಬುತ್ತಿ ತೆಗೆದುಕೊಂಡು ಹೋದಾಗ ಕೆಲಸ ನಿಂತಿತ್ತು. ಒಡೆದ ಕಲ್ಲು, ಗಾರೆ ಎಲ್ಲವನ್ನೂ ನೇರ ಹಳ್ಳಕ್ಕೇ ಕೆಡವಿರಿ ಎಂದು ಮೇಸ್ತ್ರಿ ಹೇಳಿದ್ದರಂತೆ. ಅವ್ವ ಕೆಳಗಿಳಿದು, ಬುಟ್ಟಿ ಬೋರಲು ಹಾಕಿ, ವರತಿಯ ಪಕ್ಕ ಕೂತುಬಿಟ್ಟಿದ್ದಳು.

"ಇಲ್ಲಿ ಕಲ್ಲು ಬೀಳಬಾರ್ದ್ರಿ," ಎಂದಳು. "ನೀರಾಗ ಗಾರಿ ಕೂಡಿದ್ರ ನಾವು ಏನ್ ಕುಡಿಯೂದ್ರಿ?"

ಮೇಸ್ತ್ರಿ ಕೆಟ್ಟ ಮನುಷ್ಯರಲ್ಲ. ಮಳೆಗಾಲಕ್ಕೆ ಮುಂಚೆ ಮುಗಿಸು ಎಂದು ಮೇಲಿನವರು ಅವರ ಬೆನ್ನು ಹತ್ತಿದ್ದರು. ಅವರು ರುಮಾಲಿನಿಂದ ಮುಖ ಒರೆಸಿಕೊಂಡು, "ತಂಗಿ, ಒಂದೊಂದ ಕಲ್ಲು ಮ್ಯಾಲ ಹೊತ್ಕೋತ ಕುಂತ್ರ ಮಳಿಗಾಲಕ್ಕ ಸೇತುವಿ ಆಗೂದಿಲ್ಲ. ಆಮ್ಯಾಲ ನನ್ನ ಅನಬ್ಯಾಡ್ರಿ," ಎಂದರು.

ಅಪ್ಪ ಹಾರೆ ಹಿಡಿದು ಮೇಲೆ ನಿಂತಿದ್ದ. ಅವನು ಅವ್ವನನ್ನು ನೋಡಿದ, ಆಮೇಲೆ ಅಕ್ಕನನ್ನು ನೋಡಿದ. ಅಕ್ಕ ಏಳನೇ ತರಗತಿ ಪಾಸಾಗಿದ್ದಳು. ಶಾಲೆ ತೆರೆದ ಮೇಲೆ ಹಳ್ಳ ದಾಟಿ ನವಲಗುಂದದ ಹೈಸ್ಕೂಲಿಗೆ ಹೋಗಬೇಕಿತ್ತು. ಕೊನೆಗೆ ಅಪ್ಪ ಹಾರೆ ಕೆಳಗಿಟ್ಟು, ಒಂದು ಕಲ್ಲನ್ನು ಹೆಗಲಿಗೆ ಏರಿಸಿಕೊಂಡು ರಸ್ತೆಯ ಕಡೆ ನಡೆದ. ಉಳಿದವರೂ ಒಬ್ಬೊಬ್ಬರಾಗಿ ಕಲ್ಲು ಎತ್ತಿದರು.

ಉದುರುವ ಗಾರೆ ನೀರಿಗೆ ಬೀಳದಂತೆ ಕಮಾನಿನ ಕೆಳಗೆ ಗೋಣಿತಟ್ಟು, ಹಳೆಯ ಜಮಖಾನ ಕಟ್ಟಿದರು. ಅಕ್ಕ ಎತ್ತಿಕೊಡುತ್ತಿದ್ದ ಬುಟ್ಟಿಯನ್ನು ಹೊತ್ತು ನಾನು ದಡ ಹತ್ತುತ್ತಿದ್ದೆ. ಕಲ್ಲು ಹೆಂಚಿನಂತೆ ಕಾದಿದ್ದವು. ಬೆರಳ ಬಿರುಕಿಗೆ ಸುಣ್ಣದ ಪುಡಿ ಹೊಕ್ಕು ಉರಿಯುತ್ತಿತ್ತು. ಹೊತ್ತು ಇಳಿಯುವ ವೇಳೆಗೆ ಎಲ್ಲರ ಸೊಂಟ ಹಿಡಿದಿತ್ತು. ಅವ್ವನಿಗೆ ಕುತ್ತಿಗೆ ಹೊರಳುತ್ತಿರಲಿಲ್ಲ. ಮಧ್ಯಾಹ್ನದ ರೊಟ್ಟಿಯನ್ನು ಸಂಜೆ ತಿಂದೆವು. ಅಗಿಯುತ್ತಲೇ ಅಪ್ಪನಿಗೆ ಕಣ್ಣು ಮುಚ್ಚಿ ಹೋಗುತ್ತಿತ್ತು.

ಮರುದಿನವೂ ಅದೇ ಕೆಲಸ, ಅದರ ಮರುದಿನವೂ ಅದೇ. ವರತಿ ಕೆಡಲಿಲ್ಲ. ಆದರೆ ಮೇಸ್ತ್ರಿ ಹೇಳಿದ್ದೂ ಸುಳ್ಳಾಗಲಿಲ್ಲ. ಜೂನಿನಲ್ಲಿ ಮಿರಗದ ಮಳೆ ಹಿಡಿದಾಗ ಬರೀ ಕಂಬ ಎದ್ದಿದ್ದವು. ಹಳ್ಳ ಎರಡೂ ದಡ ತುಂಬಿ ರಾಡಿಯಾಗಿ ಹರಿಯಿತು. ಅಕ್ಕನಿಗೆ ಹೈಸ್ಕೂಲಿಗೆ ಹೋಗಲಾಗಲಿಲ್ಲ. ಸುಗ್ಗಿ ಮುಗಿದ ಮೇಲೆ ಸೇತುವೆ ಮುಗಿಯಿತು. ಅಷ್ಟರಲ್ಲಿ ಅವಳು ಹತ್ತಿ ಹೊಲದ ಕಳೆ ಕೀಳಲು ಹೋಗತೊಡಗಿದ್ದಳು. ಮತ್ತೆ ಶಾಲೆಯ ಮಾತು ಯಾರೂ ಎತ್ತಲಿಲ್ಲ. ನಿನ್ನಿಂದಲೇ ಸೇತುವೆ ತಡವಾಯಿತು ಎಂದು ಕೆಲವರು ಅವ್ವನ ಎದುರಿಗೇ ಅಂದರು. ಅವ್ವ ಕೊಡ ಎತ್ತಿಕೊಂಡು ನೀರಿಗೆ ನಡೆದಳು.

ಎಷ್ಟೋ ವರ್ಷಗಳ ನಂತರ, ಅವ್ವನ ಮೇಲೆ ನಿನಗೆ ಸಿಟ್ಟು ಬರಲಿಲ್ಲವೇ ಎಂದು ಅಕ್ಕನನ್ನು ಒಮ್ಮೆ ಕೇಳಿದೆ.

"ಬಂದಿತ್ತು," ಎಂದಳು. "ಆದ್ರ ಆ ನೀರು ನಾನೂ ಕುಡದೇನಿ."

ಈಗ ಆ ಸೇತುವೆಗೂ ವಯಸ್ಸಾಯಿತು, ಅದನ್ನೂ ಒಡೆಯುತ್ತಿದ್ದಾರೆ. ಮೊನ್ನೆ ಅಕ್ಕನೂ ನಾನೂ ನೋಡಲು ಹೋಗಿದ್ದೆವು. ಹಳದಿ ಯಂತ್ರವೊಂದು ಕಲ್ಲುಗಳನ್ನು ಎತ್ತಿ ಲಾರಿಗೆ ತುಂಬುತ್ತಿತ್ತು. ಚೂರು ಬೀಳದಂತೆ ಹಳ್ಳದ ಮೇಲೆ ಹಸಿರು ಬಲೆ ಬಿಗಿದಿದ್ದರು. ನಿಮಗೆ ಅಡಿಗೆಮನೆಯಲ್ಲೇ ನಳ ಇದೆ, ಹಳ್ಳದ ನೀರು ನೀವು ಕುಡಿಯುವುದಿಲ್ಲ. ಆದರೂ ಬಲೆ ಕಟ್ಟಿದ್ದಾರೆ, ಅದು ನನಗೆ ಹಿಡಿಸಿತು. ಪಕ್ಕದಲ್ಲಿ ದಪ್ಪ ಕೊಳವೆಗಳನ್ನಿಟ್ಟು, ಮೇಲೆ ಮಣ್ಣು ಹಾಕಿ, ತಾತ್ಕಾಲಿಕ ದಾರಿಯನ್ನೂ ಮಾಡಿದ್ದಾರೆ. ನಾವು ನಿಂತಿದ್ದಾಗಲೇ ನಿಮ್ಮ ಶಾಲೆಯ ಬಸ್ಸು ಅದರ ಮೇಲೆ ಹಾದುಹೋಯಿತು. ಕಿಟಕಿಯಿಂದ ನೀವಿಬ್ಬರೂ ಕೈ ಬೀಸಿದಿರಿ.

ಈ ಕೆಲಸ ಶುರುವಾದ ಮೇಲೆ ಮಕ್ಕಳಿಗೆ ಎಷ್ಟು ದಿನ ಶಾಲೆ ತಪ್ಪಿತು ಎಂದು ಅಕ್ಕ ಕೇಳಿದಳು. ಒಂದು ದಿನವೂ ಇಲ್ಲ ಎಂದೆ. ಅವಳು ಬಸ್ಸು ಕಾಣದಾಗುವವರೆಗೂ ನೋಡುತ್ತ ನಿಂತಳು.

"ನಡಿ, ಮನಿಗೆ ಹೋಗೂಣು," ಎಂದಳು ಆಮೇಲೆ. "ಕಾಲು ನೋಯಾಕ ಹತ್ಯಾವ."