ಪೆಟ್ಟಿಗೆ ಒಳಗೆ, ಅಕ್ಕ ಹೊರಗೆ

ನಮ್ಮ ಊರಮ್ಮನ ಒಡವೆ ಗುಡಿಯಲ್ಲಿ ಇರುವುದಿಲ್ಲ. ಹಿತ್ತಾಳೆ ಪಟ್ಟಿ ಹೊಡೆದ ಹಲಸಿನ ಮರದ ಪೆಟ್ಟಿಗೆಯಲ್ಲಿ, ಊರಿನ ಯಾರಾದರೊಬ್ಬರ ಮನೆಯಲ್ಲಿ ಇರುತ್ತದೆ. ವರ್ಷಕ್ಕೊಮ್ಮೆ ಮನೆ ಬದಲಾಗುತ್ತದೆ. ಪೆಟ್ಟಿಗೆ ಇರುವ ಮನೆಯವರು ಎರಡು ಹೊತ್ತು ದೀಪ ಹಚ್ಚಬೇಕು, ಬಾಡು ಬೇಯಿಸಬಾರದು, ಮುಟ್ಟು ಸೂತಕ ಒಳಗೆ ಸೋಕಬಾರದು. ಹೊಂಗಡಹಳ್ಳದ ಕಡೆಯ ನಮ್ಮ ಊರಿನಲ್ಲಿ ಅದು ಯಾವಾಗಲೂ ದೊಡ್ಡ ತೋಟದವರ ಮನೆಗಳಲ್ಲೇ ಸುತ್ತುತ್ತಿತ್ತು. ಮೂರು ಎಕರೆ ಕಾಫಿ ಇರುವ, ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನನ್ನಂಥವನ ಮನೆಗೆ ಬರುತ್ತದೆಂದು ನಾನು ಎಣಿಸಿರಲಿಲ್ಲ. ಬಂತು. ಅದು ಬಂದ ಮೇಲೆ ನನ್ನ ಅಕ್ಕನಿಗೆ ನಾನು ಏನು ಮಾಡಿದೆ ಎಂಬುದನ್ನು ಹೇಳಬೇಕಾಗಿದೆ.

ಅಕ್ಕ ನನಗಿಂತ ಬಹಳ ದೊಡ್ಡವಳು. ಅವಳನ್ನು ವನಗೂರಿನ ಕಡೆಗೆ ಕೊಟ್ಟಿದ್ದರು. ಮೊದಲ ಹೆರಿಗೆಗೆ ತವರಿಗೆ ಬಂದಳು. ಮಗು ಹುಟ್ಟಿದ ದಿನವೇ ತೀರಿಕೊಂಡಿತು. ಆಮೇಲೆ ಅವಳು ಎಷ್ಟೋ ತಿಂಗಳು ಮಾತಾಡಲಿಲ್ಲ. ತಲೆ ಬಾಚಿದರೆ ಬಾಚಿಸಿಕೊಳ್ಳುತ್ತಿದ್ದಳು, ಬಿಟ್ಟರೆ ಹಾಗೇ ಕೂತಿರುತ್ತಿದ್ದಳು. ಗಾಳಿ ಸೋಕಿದೆ, ಮಂತ್ರ ಹಾಕಿಸಿ ಎಂದು ನೆಂಟರು ಹೇಳಿದರು. ಅವ್ವ ಯಾರ ಮಾತನ್ನೂ ಕೇಳಲಿಲ್ಲ.

"ಬಾಣಂತಿ ಮೈ ಹಸಿ ಅಂತೀರಲ್ಲ, ಮನಸ್ಸು ಹಸಿ ಇರಲ್ವಾ? ಒಬ್ಳನ್ನೇ ಬುಡ್‌ಬ್ಯಾಡಿ ಇವಳ್ನ, ಅಷ್ಟೇ ಔಷ್ದಿ" ಎಂದಳು.

ಆ ಮಳೆಗಾಲ ಪೂರ್ತಿ ಅವ್ವ ಅಕ್ಕನ ಮಗ್ಗುಲಲ್ಲೇ ಮಲಗಿದಳು. ಕೊಟ್ಟಿಗೆಗೆ ಹೋಗುವಾಗಲೂ ಅವಳನ್ನು ಕರೆದುಕೊಂಡೇ ಹೋಗುತ್ತಿದ್ದಳು. ಅಕ್ಕ ನಿಧಾನಕ್ಕೆ ಸರಿಹೋದಳು. ಇದನ್ನೆಲ್ಲ ನಾನು ಕಣ್ಣಾರೆ ನೋಡಿದ್ದೆ. ಗೊತ್ತಿರಲಿಲ್ಲ ಎಂದು ನಾನು ಹೇಳುವ ಹಾಗಿಲ್ಲ.

ಅವಳಿಗೆ ಮತ್ತೆ ಮಕ್ಕಳಾಗಲಿಲ್ಲ. ಗಂಡ ಹೋದ ಮೇಲೆ ನಮ್ಮಲ್ಲಿಗೇ ಬಂದಳು. ಅಷ್ಟರಲ್ಲಿ ಅವ್ವ ಇರಲಿಲ್ಲ. ನಾನು, ನನ್ನ ಹೆಂಡತಿ, ಒಬ್ಬಳೇ ಮಗಳು. ಅಕ್ಕ ಬಂದ ಮೇಲೆ ಮನೆಯಲ್ಲಿ ನಗು ಹೆಚ್ಚಾಯಿತು. ಅವಳ ಬಾಯಿ ಅಂಥದ್ದು. ಕಾಫಿ ಕೊಯ್ಯಲು ಬಂದ ಹೆಂಗಸರು ಇವಳ ಸಾಲಿನ ಪಕ್ಕದ ಸಾಲಿಗಾಗಿ ಜಗಳವಾಡುತ್ತಿದ್ದರು. ನಾನು ದೀಪ ಹಚ್ಚುವಾಗ ಮಂತ್ರ ತಪ್ಪಿದರೆ, "ನಿಧಾನಕ್ಕೆ ಹೇಳೋ ತಮ್ಮಾ, ದೇವರಿಗೇನ್ ಬಸ್ಸು ತಪ್ಪೋಗಲ್ಲ" ಎನ್ನುತ್ತಿದ್ದಳು.

ಅವ್ವ ಹೋದ ಮೇಲೆ ನಮ್ಮ ಮನೆಯಲ್ಲಿ ಮುಟ್ಟಿನ ಕಟ್ಟು ಸಡಿಲವಾಗಿತ್ತು. ಆ ದಿನಗಳಲ್ಲಿ ಹೆಂಗಸರು ದೇವರ ಕೋಣೆಗೆ ಹೋಗುತ್ತಿರಲಿಲ್ಲ, ಅಷ್ಟೆ. ಪೆಟ್ಟಿಗೆ ಬಂದ ದಿನ ಊರಿನ ಹಿರಿಯರು ನನ್ನನ್ನು ಕೂರಿಸಿಕೊಂಡು ಹೇಳಿದರು: "ನೋಡಪ್ಪ, ಹೆಂಗಸ್ರು ಹೊರಗಾದ್ರೆ ಐದು ದಿನ ಮನೆ ಮೆಟ್ಲು ಹತ್ತೋ ಹಂಗಿಲ್ಲ. ಸಣ್ಣ ಮನೆ ಅಂತ ನೆಪ ಹೇಳ್‌ಬ್ಯಾಡ." ಅಂಗಳದ ಆಚೆ ಕಾಫಿ ಸ್ಟೋರ್ ಇತ್ತು. ಒಣಗಿದ ಕಾಫಿ ಚೀಲ ಇಡುವ ಕೋಣೆ. ಅರ್ಧ ಖಾಲಿ ಮಾಡಿ, ನೆಲಕ್ಕೆ ಗೋಣಿ ಹಾಸಿ, ಒಂದು ಬಲ್ಬು ಹಾಕಿದೆ.

ನನ್ನ ಹೆಂಡತಿಗೆ ಅದು ಕಷ್ಟವಾಗಲಿಲ್ಲ. ಹೋಗುತ್ತಿದ್ದಳು, ಐದು ದಿನಕ್ಕೆ ತಲೆಗೆ ನೀರು ಹಾಕಿಕೊಂಡು ಬರುತ್ತಿದ್ದಳು. "ನಂಗೂ ಒಂದು ರಜೆ ಬ್ಯಾಡ್ವಾ?" ಎಂದು ನಗುತ್ತಿದ್ದಳು. ಅಕ್ಕನ ಸಂಗತಿ ಬೇರೆ. ಅವಳದು ಮುಟ್ಟು ನಿಲ್ಲುವ ವಯಸ್ಸು. ಒಂದು ತಿಂಗಳು ಬರುತ್ತಲೇ ಇರಲಿಲ್ಲ, ಇನ್ನೊಂದು ತಿಂಗಳು ಎರಡು ಸಲ. ಶುರುವಾದರೆ ಹತ್ತು ಹನ್ನೆರಡು ದಿನವಾದರೂ ನಿಲ್ಲುತ್ತಿರಲಿಲ್ಲ. ಸ್ನಾನ ಮಾಡಿ ಒಳಗೆ ಬಂದು, ಮಾರನೆಯ ದಿನವೇ ಮತ್ತೆ ಸ್ಟೋರಿಗೆ ಹೋದದ್ದುಂಟು. ನಿಂತ ದಿನದಿಂದ ಐದು ದಿನ ಎಣಿಸಬೇಕು ಎಂದು ನಾನೇ ಒಂದು ಲೆಕ್ಕ ಸೇರಿಸಿದೆ. ಯಾರೂ ಕೇಳಿರಲಿಲ್ಲ. ಪೆಟ್ಟಿಗೆಗೆ ಏನಾದರೂ ಆದರೆ ಎಂಬ ಹೆದರಿಕೆಗಿಂತ, ಇವನ ಮನೆಯಲ್ಲಿ ಮಡಿ ಇಲ್ಲ ಎಂದು ಊರು ಆಡಿಕೊಂಡರೆ ಎಂಬ ಹೆದರಿಕೆ ದೊಡ್ಡದಾಗಿತ್ತು.

ಹಾಗೆ ಅಕ್ಕ ತಿಂಗಳಲ್ಲಿ ಒಳಗಿರುವ ದಿನಗಳಿಗಿಂತ ಹೊರಗಿರುವ ದಿನಗಳೇ ಜಾಸ್ತಿಯಾದವು.

ಮೊದಮೊದಲು ಅವಳು ಅದನ್ನೂ ತಮಾಷೆ ಮಾಡಿದಳು. ರಾತ್ರಿ ಊಟದ ಹೊತ್ತಿಗೆ ನನ್ನ ಹೆಂಡತಿ ಟೀವಿಯ ಸದ್ದು ಜೋರು ಮಾಡುತ್ತಿದ್ದಳು. ಅಕ್ಕ ನೋಡುತ್ತಿದ್ದ ಧಾರಾವಾಹಿ ಸ್ಟೋರಿನವರೆಗೆ ಕೇಳಲಿ ಎಂದು. ಅಕ್ಕ ಅಲ್ಲಿಂದಲೇ ಕೂಗುತ್ತಿದ್ದಳು: "ಈಗ ಸುಮ್ಕಾದ್ಲಲ್ಲ, ಮುಖ ಹೆಂಗೆ ಮಾಡ್ಕೊಂಡವ್ಳೆ ಹೇಳೇ!" ಮಗಳು ಬಾಗಿಲಲ್ಲಿ ನಿಂತು ಹೇಳುತ್ತಿದ್ದಳು: "ಮೂತಿ ಊದಿಸ್ಕೊಂಡವ್ಳೆ ಅತ್ತೆ, ಬೋಂಡದ ಥರ!" ಮೂವರೂ ನಗುತ್ತಿದ್ದರು.

ಯಾವಾಗ ಅಕ್ಕ ಹಾಗೆ ಕೇಳುವುದನ್ನು ನಿಲ್ಲಿಸಿದಳೋ ನನಗೆ ನೆನಪಿಲ್ಲ. ಮಗಳು ಬಾಗಿಲಲ್ಲಿ ನಿಂತು ತಾನೇ ಕೂಗಿ ಹೇಳಿದರೂ ಉತ್ತರ ಬರುತ್ತಿರಲಿಲ್ಲ. ಚಳಿಗಾಲದಲ್ಲಿ ಅಕ್ಕ ಸೆರಗು ಕಿತ್ತೊಗೆದು ಅಂಗಳದಲ್ಲಿ ನಿಲ್ಲುತ್ತಿದ್ದಳು. ಮೈಯೆಲ್ಲ ಬೆಂಕಿ ಎನ್ನುತ್ತಿದ್ದಳು. ಎದೆ ಹೊಡೆದುಕೊಳ್ಳುತ್ತದೆ, ನಿದ್ದೆ ಬರುವುದಿಲ್ಲ ಎನ್ನುತ್ತಿದ್ದಳು. ತಟ್ಟೆಯಲ್ಲಿ ರೊಟ್ಟಿ ಹಾಗೇ ಉಳಿಯುತ್ತಿತ್ತು. ಮನೆಮನೆಗೆ ಬರುವ ಆಶಾ ಕಾರ್ಯಕರ್ತೆ ಒಮ್ಮೆ ನೋಡಿ, "ಮುಖ ಬಿಳಿಚ್ಕೊಂಡೈತೆ ಕಣಣ್ಣ, ಸಕಲೇಶಪುರಕ್ಕೆ ಕರ್ಕೊಂಡೋಗಿ ತೋರ್ಸು" ಎಂದಳು. ನಾನು, "ಈ ವಯಸ್ಸಲ್ಲಿ ಎಲ್ಲಾ ಹೆಂಗಸ್ರಿಗೂ ಆಗೋದೆ. ನಿಂತೋದ್ರೆ ಎಲ್ಲ ಸರಿಹೋಯ್ತದೆ" ಎಂದೆ. ಆ ಮಾತು ಎಲ್ಲಿ ಕಲಿತೆನೋ ತಿಳಿಯದು. ಹೇಳಲು ಸುಲಭವಾಗಿತ್ತು.

ವರ್ಷ ಮುಗಿಯಿತು. ಪೆಟ್ಟಿಗೆ ಬೇರೆ ಮನೆಗೆ ಹೋಗಬೇಕು. ಹಿರಿಯರು ಬಂದು ನಮ್ಮ ಜಗಲಿಯಲ್ಲಿ ಕೂತರು. ಮೊದಲೆಲ್ಲ ನನ್ನನ್ನು "ಲೋ" ಎಂದು ಕರೆಯುತ್ತಿದ್ದವರು ಕಾಫಿ ಲೋಟ ಕೈಗೆ ತೆಗೆದುಕೊಂಡು, "ನಿಮ್ಮನೆ ಮಡಿ ಅಂದ್ರೆ ಮಡಿ ಕಣಪ್ಪಾ. ದೊಡ್ಡವರ ಮನೇಲೂ ಇಷ್ಟು ಶುದ್ಧ ನಡ್ಸಿರ್ಲಿಲ್ಲ. ಇನ್ನೊಂದು ವರ್ಷ ನಿಮ್ಮಲ್ಲೇ ಇರ್ಲಿ ಅಮ್ಮ" ಎಂದರು.

ಸ್ಟೋರಿನ ಬಾಗಿಲು ತೆರೆದಿತ್ತು. ಅಕ್ಕ ಹೊಸ್ತಿಲಲ್ಲಿ ಕೂತು ನಮ್ಮ ಕಡೆಯೇ ನೋಡುತ್ತಿದ್ದಳು. ಬಾಗಿಲ ಹಿಂದೆ ನಿಂತಿದ್ದ ನನ್ನ ಹೆಂಡತಿ ಬಳೆ ಸದ್ದು ಮಾಡಿದಳು. ಬೇಡ ಎನ್ನಿ ಎಂದು ಅದರ ಅರ್ಥ. ಹಿಂದಿನ ದಿನವೇ ಅವಳು ಹೇಳಿದ್ದಳು: "ರೀ, ಸಾಕು, ಕೊಟ್‌ಬುಡಿ. ಅಕ್ಕ ಅಕ್ಕನ ಹಂಗಿಲ್ಲ."

ನಾನು "ಆಗ್ಲಿ, ಅಮ್ಮನ ಇಚ್ಛೆ" ಎಂದೆ.

ಆ ಕ್ಷಣ ನನಗೆ ಎಷ್ಟು ಸಂತೋಷವಾಯಿತು ಎಂಬುದನ್ನು ಮುಚ್ಚಿಡುವುದಿಲ್ಲ. ಅಕ್ಕ ಎದ್ದು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು.

ಅದಾದ ಮೇಲೆ ಕಾಫಿ ಕೊಯ್ಲು ಶುರುವಾಯಿತು. ಒಂದು ಬೆಳಿಗ್ಗೆ ನಾನು ಖಾಲಿ ಚೀಲ ತರಲು ಸ್ಟೋರಿನ ಬಾಗಿಲಿಗೆ ಹೋದೆ. ಮುಟ್ಟದ ಹಾಗೆ ದೂರ ನಿಂತು ಕೇಳಿದೆ. ಅಕ್ಕ ಚೀಲಗಳನ್ನು ಒಂದೊಂದಾಗಿ ಎಸೆದಳು. ಕೊನೆಯದನ್ನು ಕೈಯಲ್ಲೇ ಹಿಡಿದುಕೊಂಡು ಕೇಳಿದಳು:

"ತಮ್ಮಾ, ನಾನು ಇಲ್ಲೇ ಸತ್ತೋದ್ರೆ ನಿಂಗೆ ಸೂತಕ ಬತ್ತೈತಲ್ಲ. ಪೆಟ್ಟಿಗೆ ಯಾರ ಮನೆಗೆ ಕಳಿಸ್ತೀಯ?"

ಅವಳು ಹಿಂದಿನಿಂದಲೂ ಇಂಥ ಕೊಂಕು ಪ್ರಶ್ನೆ ಕೇಳುವವಳೇ. ಹಳೆಯ ಅಕ್ಕ ವಾಪಸ್ ಬಂದಳೆಂದು ನನಗೆ ಒಳಗೊಳಗೆ ಸಮಾಧಾನವಾಯಿತು. ಜೊತೆಗೆ, ವರ್ಷವೆಲ್ಲ ಹಿರಿಯರ ಜೊತೆ ಕೂತು ಮಡಿ ಮೈಲಿಗೆಯ ನಿಯಮಗಳೆಲ್ಲ ನನಗೆ ಬಾಯಿಪಾಠವಾಗಿದ್ದವು. ನಾನು ತಿಳಿದವನ ಹಾಗೆ ಹೇಳಿದೆ:

"ನೀನು ಕೊಟ್ಟ ಹೆಣ್ಣಲ್ವೇನಕ್ಕ? ನಮಗೆ ಮೂರೇ ದಿನ. ಅಷ್ಟಕ್ಕೆ ಪೆಟ್ಟಿಗೆ ಕಳಿಸೋದೇನು ಬ್ಯಾಡ. ಪಕ್ಕದ ಮನೇರು ಬಂದು ದೀಪ ಹಚ್ತಾರೆ."

ಅಕ್ಕ ಸ್ವಲ್ಪ ಹೊತ್ತು ಯೋಚಿಸಿದಳು. "ಹಂಗಾದ್ರೆ ತೊಂದ್ರೆ ಇಲ್ಲ" ಎಂದು ಚೀಲ ಎಸೆದಳು.

ನಾನು ಚೀಲ ಹೆಗಲಿಗೆ ಹಾಕಿಕೊಂಡು ತೋಟಕ್ಕೆ ಹೊರಟೆ. ತಟ್ಟೆ ಇಡಲು ಬಂದಿದ್ದ ನನ್ನ ಹೆಂಡತಿ ಅಂಗಳದಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ತಟ್ಟೆಯನ್ನು ಅಲ್ಲೇ ನೆಲಕ್ಕಿಟ್ಟು ಓಡಿಹೋಗಿ ಅಕ್ಕನನ್ನು ತಬ್ಬಿಕೊಂಡಳು. ಅಲ್ಲಿಂದಲೇ ನನ್ನ ಕಡೆ ತಿರುಗಿ, ಮದುವೆಯಾದ ಇಷ್ಟು ವರ್ಷದಲ್ಲಿ ಮೊದಲ ಸಲ ಏಕವಚನದಲ್ಲಿ ಕೂಗಿದಳು.

"ಥೂ, ನೀನೊಬ್ಬ ಮನುಷ್ಯನಾ? ಸಾಯ್ಲಾ ಅಂತ ಕೇಳಿದ್ರೆ ಎಷ್ಟು ದಿನ ಅಂತ ಲೆಕ್ಕ ಹೇಳ್ತೀಯಲ್ಲೋ!"

ಆಗಲೇ ನನಗೆ ಅಕ್ಕ ಕೇಳಿದ್ದು ಏನೆಂದು ತಿಳಿದದ್ದು. ಚೀಲಗಳನ್ನು ಅಲ್ಲೇ ಕೆಳಗೆ ಹಾಕಿದೆ.

ಪಕ್ಕದ ತೋಟದವರ ಜೀಪು ಕೇಳಿ ಆವತ್ತೇ ಸಕಲೇಶಪುರಕ್ಕೆ ಕರೆದುಕೊಂಡು ಹೋದೆವು. ಲೇಡಿ ಡಾಕ್ಟರು ಅಕ್ಕನ ಕಣ್ಣ ರೆಪ್ಪೆ ಇಳಿಸಿ ನೋಡಿ, ಮೈಯಲ್ಲಿ ರಕ್ತವೇ ಇಲ್ಲ ಎಂದರು. ಹಿಂದೆ ಯಾವಾಗಲಾದರೂ ಹೀಗೆ ಮಂಕಾಗಿದ್ದರಾ ಎಂದು ಕೇಳಿದರು. ಬಾಣಂತನದಲ್ಲಿ ಆಗಿದ್ದನ್ನು ನಾನೇ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು.

"ಹೆರಿಗೆ ಆದಾಗ ಒಂದ್ಸಲ ಹೀಗೆ ಆಗಿದ್ದವರಿಗೆ ಮುಟ್ಟು ನಿಲ್ಲೋ ಹೊತ್ತಲ್ಲೂ ಆಗಬಹುದು. ಮೈ ಬದಲಾಗುವಾಗ ಮನಸ್ಸೂ ಅಲ್ಲಾಡುತ್ತೆ. ಇದು ಕಾಯಿಲೆ, ಔಷಧಿ ಇದೆ. ಇಂಥವರನ್ನ ನೀವು ಒಬ್ಬರೇ ಇರೋಕೆ ಬಿಟ್ಟಿದ್ರಾ?"

ಅವ್ವ ಅಕ್ಷರ ಬಾರದವಳು, ಅದನ್ನೇ ಹೇಳಿದ್ದಳು.

ಹಾಸನದ ಮಾನಸಿಕ ವೈದ್ಯರ ಹತ್ತಿರ ಹೋದೆವು. ಮಾತ್ರೆ ಶುರುವಾಯಿತು. ಪೆಟ್ಟಿಗೆಯನ್ನು ವಾಪಸ್ ಕೊಟ್ಟೆ. ಯಾಕಪ್ಪ ಎಂದು ಹಿರಿಯರು ಕೇಳಿದಾಗ, ಅಕ್ಕನಿಗೋಸ್ಕರ ಎಂಬ ಮಾತು ಬಾಯಿಗೆ ಬರಲಿಲ್ಲ. ಹೆಂಚು ಬದಲಾಯಿಸಬೇಕು, ಮನೆ ಕೆಲಸ ಇದೆ ಎಂದೆ. ಅಲ್ಲಿಯೂ ನಾನು ಹಿಂಜರಿದೆ.

ತಿಂಗಳುಗಳು ಕಳೆದವು. ಅಕ್ಕ ಉಣ್ಣತೊಡಗಿದಳು, ಅಷ್ಟಿಷ್ಟು ನಿದ್ದೆ ಮಾಡಿದಳು. ರಕ್ತ ಹೋಗುವುದು ಕಡಿಮೆಯಾಗುತ್ತ ಬಂದು ಕೊನೆಗೆ ಪೂರ್ತಿ ನಿಂತಿತು. ನಿಂತರೆ ಸರಿಹೋಗುತ್ತದೆ ಎಂದವನು ನಾನೇ ತಾನೆ? ಅಕ್ಕ ಒಳಗೆ ಬರಲಿಲ್ಲ. ಪೆಟ್ಟಿಗೆ ಇಲ್ಲ, ಮುಟ್ಟಿಲ್ಲ, ಆದರೂ ಊಟ ನಿದ್ದೆ ಎಲ್ಲ ಸ್ಟೋರಿನಲ್ಲೇ. ಕರೆದರೆ, "ಇಲ್ಲೇ ಸರಿ ಐತೆ ಬುಡು, ಅಭ್ಯಾಸ ಆಗ್‌ಬುಟ್ಟೈತೆ" ಎನ್ನುತ್ತಾಳೆ. ಒಂಟಿ ಬಿಡಬಾರದೆಂದು ನನ್ನ ಹೆಂಡತಿ ರಾತ್ರಿ ಅಲ್ಲಿಯೇ ಹೋಗಿ ಮಲಗುತ್ತಾಳೆ. ನಾನೂ ಎಷ್ಟೋ ಸಂಜೆ ಹೋಗಿ ಬಾಗಿಲಲ್ಲಿ ಕೂರುತ್ತೇನೆ. ಕೊಯ್ಲು, ಮಳೆ, ಮೆಣಸಿನ ಬಳ್ಳಿ ಎಂದು ಏನೇನೋ ಮಾತಾಡುತ್ತೇನೆ. ಅವಳು ಹೂಂ ಎನ್ನುತ್ತಾಳೆ. ತಪ್ಪಾಯಿತು ಎಂದು ಒಮ್ಮೆ ಹೇಳಿದಾಗಲೂ ಹೂಂ ಎಂದಳು.

ಹೋದ ತಿಂಗಳು ಮಗಳು ಮೈನೆರೆದಳು. ಶಾಲೆಯಿಂದ ಹೊಟ್ಟೆ ಹಿಡಿದುಕೊಂಡು ಬಂದವಳನ್ನು ಅವಳ ಅಮ್ಮ ಒಳಗೆ ಕರೆದುಕೊಂಡು ಹೋಗಿ ಬಿಸಿ ನೀರು ಕೊಟ್ಟು ಮಲಗಿಸಿದಳು. ಸುದ್ದಿ ಕೇಳಿದ ಅಕ್ಕ ಎದ್ದು ಸ್ಟೋರಿನ ಕಸ ಗುಡಿಸಿದಳು. ಕಾಫಿ ಚೀಲಗಳನ್ನು ಒಂದು ಮೂಲೆಗೆ ತಳ್ಳಿದಳು. ತನ್ನ ಹಾಸಿಗೆಯ ಪಕ್ಕದಲ್ಲಿ ಗೋಣಿ ಹಾಸಿ, ಅದರ ಮೇಲೆ ಚಾಪೆ, ಚಾಪೆಯ ಮೇಲೆ ತನ್ನ ಒಳ್ಳೆಯ ಕಂಬಳಿ ಹರಡಿದಳು. ನೀರಿನ ಚೊಂಬು ಇಟ್ಟಳು. ಆಮೇಲೆ ಬಾಗಿಲಿಗೆ ಬಂದು ಮೆತ್ತಗೆ ಕರೆದಳು:

"ಬಾ ಮಗಾ. ಜಾಗ ಮಾಡಿವ್ನಿ. ಹೆದರ್ಕೋಬ್ಯಾಡ, ನಾನಿದ್ದೀನಿ."

ಅವಳ ದನಿಯಲ್ಲಿ ಇದ್ದದ್ದು ಪ್ರೀತಿಯೇ. ನಾನು ಅಂಗಳ ದಾಟಿ ನೇರ ಸ್ಟೋರಿನೊಳಗೆ ಹೋದೆ. ಕಂಬಳಿ ಮಡಚಿದೆ, ಚಾಪೆ ಸುತ್ತಿದೆ, ಗೋಣಿ ಎತ್ತಿ ಹೊರಗೆ ಹಾಕಿದೆ.

"ಬ್ಯಾಡಕ್ಕ. ಅವಳು ಒಳಗೇ ಇರ್ತಾಳೆ. ಯಾರೇನಂದ್ರೂ ನಾನು ನೋಡ್ಕೋತೀನಿ."

ಆ ಹಾಸಿಗೆ ಎತ್ತಲು ಒಂದು ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತೂ ಹಿಡಿಯಲಿಲ್ಲ. ಅಕ್ಕ ಬರಿದಾದ ನೆಲವನ್ನು ನೋಡಿದಳು. ಆಮೇಲೆ ನನ್ನ ಕೈಯಲ್ಲಿದ್ದ ಚಾಪೆಯನ್ನು ನೋಡಿದಳು. ಅವಳ ಕತ್ತಿನ ನರ ಉಬ್ಬಿತು. ಎಷ್ಟೋ ಕಾಲದಿಂದ ಕೇಳದಿದ್ದ, ಕಾಫಿ ಸಾಲುಗಳಾಚೆಗೂ ಕೇಳುವ ಅವಳ ಹಳೆಯ ದನಿಯಲ್ಲಿ ಕೂಗಿದಳು:

"ಇಷ್ಟೇ ಏನೋ ಕೆಲಸ? ಇಷ್ಟು ಮಾಡೋಕೆ ಆವಾಗ ನಿಂಗೆ ಕೈ ಇರ್ಲಿಲ್ವೇನೋ?"

ಅವಳು ಮತ್ತೆ ಕೇಳಿದಳು, ಇನ್ನೂ ಜೋರಾಗಿ. ಒಳಗಿನಿಂದ ಮಗಳು, ಹೆಂಡತಿ ಅಂಗಳಕ್ಕೆ ಬಂದು ನಿಂತರು. ನಾನು ಚಾಪೆ ಹಿಡಿದುಕೊಂಡು ನಿಂತೇ ಇದ್ದೆ. ಅವಳು ಬೈಯುತ್ತಲೇ ಹೋದಳು.