ನಾಲ್ಕು ಇಂಚು ಬಿಡಿಸಿದ ಕಾಶಪ್ಪ ಮಿಸ್ತ್ರಿ

ಕಾಶಪ್ಪ ಮಿಸ್ತ್ರಿ ತಾವು ಕಟ್ಟಿದ ಗಾಡಿಯನ್ನು ಸುಮ್ಮನೆ ಯಾರ ಕೈಗೂ ಕೊಡುತ್ತಿರಲಿಲ್ಲ. ಮೊದಲು ತಾವೇ ಅದರೊಳಗೆ ಹತ್ತಿ, ಬಾಗಿಲು ಹಾಕಿಸಿಕೊಂಡು, ಹೈದರಾಬಾದಿನ ಅತಿ ಕೆಟ್ಟ ರಸ್ತೆಯಲ್ಲಿ ಒಂದು ಸುತ್ತು ಹೊಡೆಸುತ್ತಿದ್ದರು. ಹಾಲಿನ ಗಾಡಿಯಾದರೆ ಕ್ಯಾನುಗಳ ನಡುವೆ ಮೊಣಕಾಲು ಮಡಚಿ ಕೂರುವರು. ಒಮ್ಮೆ ಹೆಣ ಸಾಗಿಸುವ ಗಾಡಿಯೊಂದನ್ನು ಕಟ್ಟಿ, ಹೆಣ ಮಲಗಿಸುವ ಹಲಗೆಯ ಮೇಲೆ ತಾವೇ ಅಂಗಾತ ಮಲಗಿ ಮೆಹದಿಪಟ್ಟಣದಿಂದ ಹೊರಟು ಸಿಕಂದರಾಬಾದ್ ಮುಟ್ಟಿ ಬಂದರಂತೆ. ಯಾಕೆ ಎಂದು ಕೇಳಿದ್ದಕ್ಕೆ ಅವರು ನಗದೆ ಹೇಳಿದ್ದು ಇದು: "ಸತ್ತವ ಎದ್ದು ಹೇಳಾಂಗಿಲ್ಲಲ್ರಿ ಅಕ್ಕಾರ, ಇಲ್ಲಿ ತಲಿ ಬಡೀತೈತಿ ಅಂತ. ಅದಕ್ಕ ನಾನೇ ನೋಡಬೇಕಾತು."

ಅವರ ಪರಿಚಯ ನನಗಾದದ್ದು ನಮ್ಮವರ ಮೂತ್ರಪಿಂಡಗಳು ಕೈಕೊಟ್ಟ ಮೇಲೆ. ನಮ್ಮವರು, ನರಹರಿರಾಯರು, ನೀರಾವರಿ ಇಲಾಖೆಯಲ್ಲಿ ಮೂವತ್ತು ವರ್ಷ ನಕ್ಷೆ ಬರೆದವರು. ತೆಲಂಗಾಣದ ಎಷ್ಟೋ ಕೆರೆಗಳ ಏರಿ, ತೂಬು, ಕೋಡಿಗಳು ಅವರ ಪೆನ್ಸಿಲ್ಲಿನ ತುದಿಯಲ್ಲಿದ್ದವು. ಕಣ್ಣಾರೆ ಕಂಡದ್ದು ಮಾತ್ರ ನಾಲ್ಕೋ ಐದೋ. ನಿವೃತ್ತಿಯಾದ ಮೇಲೆ ಒಂದೊಂದಾಗಿ ನೋಡಿಕೊಂಡು ಬರೋಣ ಅನ್ನುತ್ತಿದ್ದರು. ನಿವೃತ್ತಿಯಾಗಿ ಎರಡು ವರ್ಷವೂ ತುಂಬಿರಲಿಲ್ಲ, ಡಯಾಲಿಸಿಸ್ ಶುರುವಾಯಿತು.

ಅದು ಮನೆಯಲ್ಲೇ ಮಾಡಿಕೊಳ್ಳುವಂಥದ್ದು. ದಿನಕ್ಕೆ ನಾಲ್ಕು ಸಲ, ಹೊಟ್ಟೆಗೆ ಜೋಡಿಸಿದ ನಳಿಕೆಯಿಂದ ಹಳೆಯ ದ್ರವವನ್ನು ಇಳಿಸಿ, ಮೇಲೆ ತೂಗುಹಾಕಿದ ಚೀಲದಿಂದ ಹೊಸದನ್ನು ತುಂಬಬೇಕು. ಅರ್ಧ ಗಂಟೆ ಹಿಡಿಯುತ್ತದೆ. ಆ ಅರ್ಧ ಗಂಟೆ ಕಿಟಕಿ ಬಾಗಿಲು ಮುಚ್ಚಿರಬೇಕು, ಫ್ಯಾನು ನಿಂತಿರಬೇಕು, ಕೋಣೆ ಕನ್ನಡಿಯಂತೆ ಚೊಕ್ಕಟವಾಗಿರಬೇಕು. ನಂಜು ಒಳಹೊಕ್ಕರೆ ಜೀವಕ್ಕೇ ಕುತ್ತು. ಕಂಡವರ ಲಾಡ್ಜಿನಲ್ಲಿ ಮಾಡುವ ಕೆಲಸವಲ್ಲ. ಹಿಮಾಯತ್‌ನಗರದ ನಮ್ಮ ಮನೆಯ ಎರಡು ಕೋಣೆಗಳಲ್ಲಿ ಅವರು ತಿರುಗಾಡಿ ತಿರುಗಾಡಿ ಒಂದು ದಿನ, "ಇನ್ನ ಇಷ್ಟೇ ಏನು ನನ್ನ ಊರು?" ಎಂದರು.

"ಹಂಗಂದ್ರ ಕೋಣಿನೇ ಗಾಲಿ ಮ್ಯಾಲ ಇಡೋಣು," ಎಂದೆ ನಾನು.

ಮಾತು ಬಾಯಿಂದ ಬಂದ ಮೇಲೆ ಹಿಂದೆ ತೆಗೆದುಕೊಳ್ಳುವ ಅಭ್ಯಾಸ ನನಗಿಲ್ಲ. ಹಳೆಯದೊಂದು ಪಿಕಪ್ ಗಾಡಿ ಕೊಂಡೆವು. ಐವತ್ತೆಂಟನೇ ವಯಸ್ಸಿನಲ್ಲಿ ನಾನು ಅದನ್ನು ಓಡಿಸುವುದು ಕಲಿತೆ. ಸಾರಿಗೆ ಕಚೇರಿಯ ಅನುಮತಿಗೂ ನಾನೇ ಅಲೆದೆ. ನಮ್ಮವರು ನಕ್ಷೆ ಬರೆದರು. ಗಾಡಿಯ ಹಿಂಭಾಗದಲ್ಲಿ ಕೂರುವಂಥ ಒಂದು ಪೆಟ್ಟಿಗೆ ಕೋಣೆ. ಅದರೊಳಗೆ ಅವರಿಗೊಂದು ಮಂಚ, ಚೀಲಕ್ಕೆ ಕೊಕ್ಕೆ, ಕೈ ತೊಳೆಯಲು ತೊಟ್ಟಿ. ಮುಂದಕ್ಕೆ, ಡ್ರೈವರ್ ಕ್ಯಾಬಿನ್ನಿನ ನೆತ್ತಿಯ ಮೇಲೆ ಚಾಚಿಕೊಂಡಂತೆ ನಾನು ಮಲಗಲು ಒಂದು ಅಟ್ಟ. ಅಟ್ಟದ ತಳಕ್ಕೂ ಕ್ಯಾಬಿನ್ನಿನ ನೆತ್ತಿಗೂ ಮಧ್ಯೆ ಅವರು ಬಿಟ್ಟದ್ದು ಒಂದು ಇಂಚು.

ಮೆಹದಿಪಟ್ಟಣದ ಹಿಂದೆ ತಗಡಿನ ಶೆಡ್ಡಿನಲ್ಲಿ ಗಾಡಿಗಳ ಬಾಡಿ ಕಟ್ಟುವವರೊಬ್ಬರಿದ್ದಾರೆ ಎಂದು ಯಾರೋ ಹೇಳಿದ್ದರು. ಹೋದಾಗ ಬೆಳ್ಳಗಿನ ಗಡ್ಡದ, ಒಣಕಲು ಮನುಷ್ಯರೊಬ್ಬರು ಯಾವುದೋ ಗಾಡಿಯ ಅಳತೆ ಹಿಡಿಯುತ್ತಿದ್ದರು. ನಾನು ಹಿಂದಿಯಲ್ಲೇ ಮಾತು ತೆಗೆದೆ, ಅವರೂ ಹಿಂದಿಯಲ್ಲೇ ಉತ್ತರ ಕೊಟ್ಟರು. ಆದರೆ ಟೇಪು ಎಳೆದು ಎಣಿಸುವಾಗ "ಏಳ, ಎಂಟ, ಒಂಬತ್ತ" ಅನ್ನುವುದು ಕೇಳಿಸಿತು. "ಯಾವ ಊರ್ರಿ ನಿಮ್ಮದು?" ಎಂದೆ. ಟೇಪು ಕೈಬಿಟ್ಟು ತಿರುಗಿದರು. ಹುಮನಾಬಾದ್ ಹತ್ತಿರದ ಹಳ್ಳಿ. ಇಪ್ಪತ್ತರ ವಯಸ್ಸಿನಲ್ಲಿ ಕಟ್ಟಡದ ಕೂಲಿಗೆ ಬಂದು, ಕಬ್ಬಿಣದ ಕೆಲಸ ಕಲಿತು ಇಲ್ಲೇ ನಿಂತವರು. ಮೂವತ್ತು ವರ್ಷ ಸುತ್ತಿಗೆಯ ಸದ್ದಿಗೆ ಎಡಗಿವಿ ಕೇಳದಾಗಿತ್ತು. ಹಾಗಾಗಿ ಗಾಡಿ ಚಾಲೂ ಮಾಡಿಸಿ ತಗಡಿನ ಮೇಲೆ ಅಂಗೈ ಒತ್ತಿ, ಕಣ್ಣು ಮುಚ್ಚಿ ನಿಲ್ಲುವರು. ಎಲ್ಲಿ ಸಡಿಲವಾಗಿದೆ ಎಂದು ಕೈಯಿಂದಲೇ ಹೇಳುವರು.

ನಮ್ಮವರ ನಕ್ಷೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಭಾಳ ಚಂದ ಬರದೀರಿ ಸಾಹೇಬ್ರ. ಆದ್ರ ಇದನ್ನ ನಾ ಕಟ್ಟಾಂಗಿಲ್ರಿ."

"ಯಾಕ? ಅಳತಿ ತಪ್ಪೈತೇನು?"

"ನಿಂತ ಗಾಡಿಗೆ ಬರೋಬ್ಬರಿ ಐತ್ರಿ. ಓಡೋ ಗಾಡಿಗೆ ಇಲ್ಲ. ಕಾಗದದಾಗ ಗಾಡಿ ತಳ ಬಳುಕಂಗಿಲ್ಲ, ರಸ್ತೆದಾಗ ಬಳುಕತೈತಿ. ಗುಂಡ್ಯಾಗ ಇಳಿದಾಗ ನಿಮ್ಮ ಅಟ್ಟ ಬಂದು ಕ್ಯಾಬಿನ್ನಿಗೆ ಬಡೀತೈತಿ. ನಾಕು ಇಂಚರ ಬೇಕು."

ಮೂವತ್ತು ವರ್ಷ ತಮ್ಮ ಗೆರೆಯನ್ನು ಯಾರೂ ತಿದ್ದದ ಮನುಷ್ಯ ನಮ್ಮವರು. "ಎತ್ತರಾದ್ರ ಗಾಡಿ ತೂಗಾಡತೈತಿ, ನನಗ ಲೆಕ್ಕ ಗೊತ್ತದ," ಎಂದು ನಕ್ಷೆ ಮಡಚಿಕೊಂಡರು. ಮಿಸ್ತ್ರಿಯೂ ಸೋಲಲಿಲ್ಲ. "ಲೆಕ್ಕ ನಿಮ್ಮದಿರಬಹುದ್ರಿ. ಬಡಿಯೋದು ಅಕ್ಕಾರ ತಲಿ ಮ್ಯಾಲ," ಎಂದು ಮತ್ತೆ ಟೇಪು ಎತ್ತಿಕೊಂಡರು.

ಬೇರೆ ಶೆಡ್ಡೊಂದರಲ್ಲಿ ನಕ್ಷೆಯಲ್ಲಿದ್ದಂತೆಯೇ ಕಟ್ಟಿಸಿದೆವು. ಗಾಡಿ ಮನೆಗೆ ತರುವ ದಿನ ನಾನೇ ಓಡಿಸುತ್ತಿದ್ದೆ. ಮೂರನೇ ರಸ್ತೆ ಉಬ್ಬು ದಾಟಿದಾಗ ನೆತ್ತಿಯ ಮೇಲೆ ಸಿಡಿಲು ಬಡಿದಂತಾಯಿತು. ಅಟ್ಟದ ಅಂಚು ಕ್ಯಾಬಿನ್ನಿನ ನೆತ್ತಿಯನ್ನು ಒಳಕ್ಕೆ ತಳ್ಳಿ, ಮುಂದಿನ ಗಾಜು ಮೂಲೆಯಿಂದ ಮೂಲೆಗೆ ಸೀಳಿತ್ತು. ಪಕ್ಕದಲ್ಲಿ ಕೂತ ನಮ್ಮವರು ಸೀಳಿನ ಉದ್ದಕ್ಕೂ ಕಣ್ಣು ಹಾಯಿಸಿದರು. ಆಮೇಲೆ, "ಕಾಶಪ್ಪನ ಕಡೆ ನಡಿ," ಎಂದರು.

ಹಂಗಿಸುತ್ತಾರೆ ಎಂದುಕೊಂಡಿದ್ದೆ. ಮಿಸ್ತ್ರಿ ಗಾಜಿನ ಸೀಳನ್ನು ಬೆರಳಿಂದ ಸವರಿ, "ನಿಮಗೇನೂ ಆಗಿಲ್ಲಲ್ರಿ?" ಎಂದಷ್ಟೇ ಕೇಳಿದರು. ನಂತರ ನನ್ನ ಕಡೆ ತಿರುಗಿ, "ಅಕ್ಕಾರ, ನಾಳಿ ಗೋದಿ ಹಿಟ್ಟಿನ ಕಣಕ ನಾದಕೊಂಡು ಬರ್ರಿ. ಗಟ್ಟಿಯಾಗಿರ್ಲಿ. ಹೋಳಿಗಿಗೆ ಅಲ್ಲ, ಪೂರಿಗೆ ನಾದೋ ಹಂಗ," ಎಂದರು.

ಮರುದಿನ ತಗ್ಗಿದ ನೆತ್ತಿಯನ್ನು ಬಡಿದು ಸರಿಮಾಡಿ, ಬೇರೆ ಗಾಜು ಹಾಕಿ, ಪೆಟ್ಟಿಗೆಯ ಕೆಳಗೆ ಮರದ ತುಂಡುಗಳನ್ನು ಕೊಟ್ಟು ಎತ್ತರಿಸಿದರು. ಆಮೇಲೆ ನನ್ನ ಕಣಕವನ್ನು ಒಂದೇ ಎತ್ತರದ ಐದು ಗೋಪುರ ಮಾಡಿ ಕ್ಯಾಬಿನ್ನಿನ ನೆತ್ತಿಯ ಮೇಲೆ ಸಾಲಾಗಿ ನಿಲ್ಲಿಸಿದರು. ಒಂದೊಂದೂ ನಾಲ್ಕು ಇಂಚು, ಅಟ್ಟದ ತಳಕ್ಕೆ ತಾಗುವಷ್ಟು. "ಈಗ ಓಡಸ್ರಿ. ಒಳ್ಳೆ ರಸ್ತೆ ಬ್ಯಾಡ." ತಾವು ಅಟ್ಟದಲ್ಲಿ ಮಲಗಿದರು. ನಾನು ಉಬ್ಬು ದಾಟಿಸಿದೆ, ಅಗೆದು ಬಿಟ್ಟ ರಸ್ತೆಯಲ್ಲಿ ಒಂದೇ ಗಾಲಿ ಇಳಿಸಿದೆ. ನಡುನಡುವೆ ಅವರ ಫೋನು ಬರುತ್ತಿತ್ತು: "ಇಷ್ಟಕ್ಕ ಏನಾಗ್ತೈತ್ರಿ? ಇನ್ನೂ ದೊಡ್ಡ ಗುಂಡಿ ಹುಡುಕ್ರಿ." ಹೈದರಾಬಾದಿನಲ್ಲಿ ಗುಂಡಿಗೆ ಬರವೇ? ಹುಡುಕಿದೆ.

ಶೆಡ್ಡಿಗೆ ಬಂದು ನೋಡಿದರೆ ಮಧ್ಯದ ಗೋಪುರ ಒಂದೂವರೆ ಇಂಚಿಗೆ ಚಪ್ಪಟೆಯಾಗಿತ್ತು. ನಮ್ಮವರು ಅದನ್ನು ತಾವೇ ಸ್ಕೇಲ್ ಹಿಡಿದು ಮೂರು ಸಲ ಅಳೆದರು. ಎರಡೂವರೆ ಇಂಚು ಕುಣಿತ. ಅವರು ಬಿಟ್ಟದ್ದು ಒಂದು.

"ನಾಕು ಇಂಚು ಬಿಡೋಣ್ರಿ ಮಿಸ್ತ್ರಿ," ಎಂದರು. "ಆದ್ರ ತೂಗಾಟಕ್ಕ ಏನು ಮಾಡ್ತೀರಿ?"

ಈಗ ತೂಗಾಟಕ್ಕೆ ಸೋಲದೆ ಕೂತದ್ದು ಇಬ್ಬರೂ ಸೇರಿ. ಪೆಟ್ಟಿಗೆಯ ಚಾವಣಿ ಕತ್ತರಿಸಿ ತಗ್ಗಿಸಿದರೆ ಸುಲಭವಾಗುತ್ತಿತ್ತು. ಮಿಸ್ತ್ರಿ ಅದಕ್ಕೂ ಮೊದಲು, "ಆ ಚೀಲದ ಕೆಲಸ ನಾ ಒಮ್ಮೆ ನೋಡಬೇಕು," ಎಂದು ಮನೆಗೆ ಬಂದರು. ಕೋಣೆಯ ಮುಚ್ಚಿದ ಕಿಟಕಿಯ ಹೊರಗೆ ಅರ್ಧ ಗಂಟೆ ಅಲುಗಾಡದೆ ನಿಂತು, ಚೀಲ ಖಾಲಿಯಾಗುವುದನ್ನು ಗಾಜಿನಿಂದಲೇ ನೋಡಿದರು. ಮುಗಿದ ಮೇಲೆ ಚಹಾ ಕುಡಿಯುತ್ತ, "ಚಾವಣಿ ಮುಟ್ಟೋದ್ ಬ್ಯಾಡ್ರಿ. ಚೀಲ ಎತ್ತರಾನೇ ಇರಬೇಕು," ಎಂದರು.

ಕೊನೆಗೆ ಪೆಟ್ಟಿಗೆಯ ಕೆಳಗೆ ಉದ್ದಕ್ಕೂ ಮೂರು ಇಂಚಿನ ಮರದ ದಿಮ್ಮಿಗಳನ್ನು ಕೂರಿಸಿದರು. ಮೊದಲಿದ್ದ ಒಂದು ಇಂಚು ಸೇರಿ ಅಟ್ಟದ ಕೆಳಗೆ ನಾಲ್ಕು ಇಂಚಾಯಿತು. ದಿಮ್ಮಿಗಳ ನಡುವೆ ಖಾಲಿ ಉಳಿದ ಜಾಗಕ್ಕೆ ನಮ್ಮವರು ಹೊಸ ನಕ್ಷೆ ಬರೆದರು: ಹಪ್ಪಳದಂತೆ ಚಪ್ಪಟೆಯಾದ ಒಂದು ಉಕ್ಕಿನ ನೀರಿನ ತೊಟ್ಟಿ. ಭಾರವೆಲ್ಲ ಕೆಳಗೆ ಕೂತಿತು, ತೂಗಾಟ ನಿಂತಿತು. ಆ ತೊಟ್ಟಿಯ ನಕ್ಷೆಯನ್ನು ಮಿಸ್ತ್ರಿ ಶೆಡ್ಡಿನ ಗೋಡೆಗೆ ಅಂಟಿಸಿಕೊಂಡರು. "ಇದರಾಗ ಒಂದೂ ಗೆರಿ ತಪ್ಪಿಲ್ರಿ," ಎಂದು ಬಂದವರಿಗೆಲ್ಲ ತೋರಿಸುತ್ತಿದ್ದರಂತೆ.

ಮೊದಲ ಪ್ರಯಾಣ ಮೆದಕ್ ಕಡೆಯ ಒಂದು ಕೆರೆಗೆ. ಏರಿಯ ಮೇಲೆ ಗಾಡಿ ನಿಲ್ಲಿಸಿ, ಕಿಟಕಿ ಮುಚ್ಚಿ, ಚೀಲ ತೂಗುಹಾಕಿದೆ. ನಮ್ಮವರು ಗಾಜಿನಾಚೆ ತಾವೇ ಬರೆದ ತೂಬಿನಿಂದ ನೀರು ಬೀಳುವುದನ್ನು ನೋಡುತ್ತ ಕೂತರು. ಕಣ್ಣು ಒರೆಸಿಕೊಳ್ಳಲು ಕೈ ಎತ್ತಿದರು. ತೊಳೆದ ಕೈ ಎಂದು ನೆನಪಾಗಿ ಇಳಿಸಿದರು. ನಾನು ಒರೆಸಿದೆ. ಅಂದಿನಿಂದ ತಿಂಗಳಿಗೆ ಎರಡು ಕೆರೆಯಾದರೂ ತಪ್ಪಿಸಲಿಲ್ಲ. ಪ್ರತಿ ಸಲ ಹಿಂದಿರುಗಿದ ಮೇಲೆ ಮಿಸ್ತ್ರಿ ಫೋನು ಮಾಡಿ ಕೇಳುವುದು ಒಂದೇ: "ಬಡೀತೇನ್ರಿ ಎಲ್ಲೆರ?" ಇಲ್ಲ ಎಂದರೆ, "ಸಾಹೇಬ್ರು ಹೆಂಗದಾರ?" ಎಂಬುದು ಆಮೇಲೆ.

ಹೋದ ವರ್ಷ ಮಳೆಗಾಲ ಮುಗಿದ ಹೊಸದರಲ್ಲಿ ಜಹೀರಾಬಾದ್ ಕಡೆಯ ಕೆರೆಯೊಂದರ ಬಳಿ ಇದ್ದೆವು. ಬೆಳಗಿನ ಚೀಲ ಮುಗಿಸಿ ಚಹಾ ಕಾಯಿಸುವಾಗ ಶೆಡ್ಡಿನ ಪಕ್ಕದ ಟೈರು ಅಂಗಡಿಯವರ ಫೋನು ಬಂತು. ಮೊಮ್ಮಗಳ ಹೆಸರಿಡುವುದಕ್ಕೆ ಊರಿಗೆ ಹೋಗಿದ್ದ ಕಾಶಪ್ಪ, ಎದೆ ನೋಯುತ್ತಿದೆ ಎಂದು ಕಟ್ಟೆಯ ಮೇಲೆ ಕೂತವರು ಏಳಲಿಲ್ಲವಂತೆ. ಮಧ್ಯಾಹ್ನವೇ ಮಣ್ಣು.

ನಮ್ಮವರು, "ಎಷ್ಟು ದೂರ?" ಎಂದರು. ಎರಡು ತಾಸಿನ ದಾರಿ. ಒಲೆ ಆರಿಸಿದೆ, ಹೊರಟೆವು.

ಹೊಲದಲ್ಲಿ ಮಿಸ್ತ್ರಿಯನ್ನು ಕೂರಿಸಿ ಮಣ್ಣು ಕೊಡುವ ಹೊತ್ತಿಗೆ ಮುಟ್ಟಿದೆವು. ನಮ್ಮವರೂ ಒಂದು ಹಿಡಿ ಹಾಕಿದರು. ನಾನು ಕೈಹಿಡಿದು ಅವರನ್ನು ಗಾಡಿ ನಿಲ್ಲಿಸಿದ್ದ ಮಿಸ್ತ್ರಿಯ ಮನೆಯ ಕಡೆ ಕರೆತರುವಾಗಲೇ ಎರಡನೇ ಚೀಲದ ಹೊತ್ತು ಮೀರುತ್ತಿತ್ತು. ಅಂಗಳದ ತುಂಬ ಜನ, ಧೂಳು. ಅಂಥ ಗಾಡಿಯನ್ನು ಯಾರೂ ನೋಡಿರಲಿಲ್ಲ. ಒಬ್ಬೊಬ್ಬರೇ ಬಂದು ಬಾಗಿಲಲ್ಲಿ ಇಣುಕುತ್ತಿದ್ದರು. ಇಂಥ ದಿನ ಅವರನ್ನು ದೂರ ಸರಿಯಿರಿ ಎಂದು ಹೇಗೆ ಹೇಳಲಿ ಎಂದು ತೋಚದೆ ನಿಂತೆ.

ಆಗ ಒಳಗಿನಿಂದ ಒಬ್ಬ ಹೆಂಗಸು ಎದ್ದು ಬಂದರು. ಮಿಸ್ತ್ರಿಯ ಹೆಂಡತಿ, ಈರಮ್ಮ. ನಾವು ಒಬ್ಬರನ್ನೊಬ್ಬರು ಎಂದೂ ನೋಡಿರಲಿಲ್ಲ. ಗಾಡಿಯನ್ನು ಮೇಲಿಂದ ಕೆಳಗೆ ನೋಡಿ, ಅಟ್ಟದ ಕೆಳಗಿನ ಸಂದಿಯ ಹತ್ತಿರ ಒಂದು ಗಳಿಗೆ ನಿಂತರು. ಆಮೇಲೆ ನನ್ನನ್ನು ಕೇಳಿದರು:

"ಸಾಹೇಬ್ರಿಗೆ ಚೀಲ ಹಾಕೋ ಹೊತ್ತಾತೇನ್ರಿ?"

ನಾನು ತಲೆಯಾಡಿಸಿದೆ.

"ಒಳಗ ಹೋಗ್ರಿ. ಕದ ಹಾಕ್ಕೋರಿ. ನಾ ಇಲ್ಲೇ ನಿಂತಿರ್ತೀನಿ."

"ಇವತ್ತ ನೀವು..." ಎಂದೆ.

"ಅರ್ಧ ತಾಸ ಅಲ್ಲೇನ್ರಿ? ಅವರು ಹೇಳ್ಯಾರ ನನಗ. ಹೋಗ್ರಿ."

ಬಾಗಿಲು ಹಾಕಿದೆ. ಕೈ ತೊಳೆದು, ಮುಖಕ್ಕೆ ಬಟ್ಟೆ ಕಟ್ಟಿ, ಚೀಲ ತೂಗುಹಾಕಿದೆ. ನಳಿಕೆಯಲ್ಲಿ ದ್ರವ ಇಳಿಯತೊಡಗಿತು. ಹೊರಗೆ ಹೆಜ್ಜೆಗಳ ಸದ್ದು ಬಂದಾಗಲೆಲ್ಲ, ಅಳುವಿನಿಂದ ಒಡೆದ ಆದರೆ ಗಟ್ಟಿಯಾದ ಈರಮ್ಮನ ದನಿ ಕೇಳಿಸುತ್ತಿತ್ತು: "ಆಚಿ ಸರೀರಿ. ಗಾಳಿ ಹೋಗಬಾರದು ಒಳಗ." ನಮ್ಮವರೂ ನಾನೂ ಒಬ್ಬರ ಮುಖ ಒಬ್ಬರು ನೋಡದೆ ಚೀಲವನ್ನೇ ನೋಡುತ್ತ ಕೂತೆವು. ಕೊನೆಯ ಹನಿ ಇಳಿದು, ನಳಿಕೆ ಮುಚ್ಚಿ, ನಾನು ಬಾಗಿಲು ತೆರೆಯುವವರೆಗೂ ಆಕೆ ಬೆನ್ನು ಕೊಟ್ಟು ಅಲ್ಲೇ ನಿಂತಿದ್ದರು.