ಆಫ್ ಮಾಡಿ ಬಂದ ಮೇನ್ ಸ್ವಿಚ್

ನಾವು ಹುಬ್ಬಳ್ಳಿಗೆ ಹೋಗಿದ್ದು ನನ್ನ ತಂಗಿಯ ಮನೆಯ ಗೃಹಪ್ರವೇಶಕ್ಕೆ. ಅಲ್ಲಿಗೆ ಹೋದ ಮರುದಿನ ಬೆಳಿಗ್ಗೆ ನನ್ನ ಯಜಮಾನರ ಮೈ ಕೆಂಡದಂತೆ ಸುಡುತ್ತಿತ್ತು. ಉಸಿರಾಡಲು ಒದ್ದಾಡುತ್ತಿದ್ದರು. ಪೂಜೆ ಮುಗಿಯಲೆಂದು ಕಾಯದೆ ಹತ್ತಿರದ ನರ್ಸಿಂಗ್ ಹೋಮಿಗೆ ಕರೆದೊಯ್ದೆವು. ಎದೆಯಲ್ಲಿ ಸೋಂಕು, ಈಗಲೇ ಇಂಜೆಕ್ಷನ್ ಶುರು ಮಾಡಬೇಕು ಎಂದ ಡಾಕ್ಟರು, ಇವರಿಗೆ ಒಗ್ಗದ ಔಷಧಿ ಏನಾದರೂ ಇದೆಯೇ ಎಂದು ಕೇಳಿದರು.

ಇತ್ತು. ಮೂರು ವರ್ಷದ ಹಿಂದೆ ಹರ್ನಿಯಾ ಆಪರೇಷನ್ ಆದಾಗ ಒಂದು ಇಂಜೆಕ್ಷನ್ನಿಗೆ ಮುಖವೆಲ್ಲ ಊದಿ, ಬಿಪಿ ಇಳಿದು, ಜೀವ ಉಳಿದದ್ದೇ ಹೆಚ್ಚಾಗಿತ್ತು. ಅದನ್ನೆಲ್ಲ ಡಾಕ್ಟರಿಗೆ ಹೇಳಿದೆ, ಔಷಧಿಯ ಹೆಸರು ಮಾತ್ರ ನನಗೆ ನೆನಪಾಗಲಿಲ್ಲ.

ಮಗಳು ಎಲ್ಲ ರಿಪೋರ್ಟುಗಳನ್ನೂ ಸ್ಕ್ಯಾನ್ ಮಾಡಿ, ವಿಜಯನಗರದ ನಮ್ಮ ಮನೆಯ ರೂಟರಿಗೆ ಸಿಕ್ಕಿಸಿದ ಹಾರ್ಡ್ ಡಿಸ್ಕಿನಲ್ಲಿ ಇಟ್ಟಿದ್ದಳು. ಎಲ್ಲಿದ್ದರೂ ಅವನ್ನು ತೆರೆದು ನೋಡಲು ನನ್ನ ಫೋನಿಗೆ ಒಂದು ಆ್ಯಪ್ ಹಾಕಿಕೊಟ್ಟಿದ್ದಳು. ಒತ್ತಿದೆ. ಮನೆಯ ನೆಟ್‌ವರ್ಕ್ ಸಿಗುತ್ತಿಲ್ಲ ಎಂದು ಬಂತು. ಮತ್ತೆ ಒತ್ತಿದರೂ ಅದೇ. ಮೈಸೂರಿನಲ್ಲಿ ಓದುತ್ತಿದ್ದ ಮಗಳು ಆಗ ಪರೀಕ್ಷೆ ಬರೆಯುತ್ತಿದ್ದಳು, ಫೋನ್ ಆಫ್.

ಆಗ ಹೊಳೆಯಿತು. ಊರಿಗೆ ಹೊರಡುವಾಗಲೆಲ್ಲ ಮಾಡುವಂತೆ ಈ ಸಲವೂ ಮೇನ್ ಸ್ವಿಚ್ ಆಫ್ ಮಾಡಿ ಬಂದಿದ್ದೆ. ರೂಟರಿಗೆ ಕರೆಂಟೇ ಇರಲಿಲ್ಲ.

ಪುಣ್ಯಕ್ಕೆ ಮೀಟರ್ ಬೋರ್ಡ್ ಇದ್ದದ್ದು ಹೊರಗೆ, ಮೆಟ್ಟಿಲ ಕೆಳಗೆ. ಕೆಳಗಿನ ಮನೆಯ ಅಕ್ಕನಿಗೆ ಫೋನ್ ಮಾಡಿದೆ. ಅವರಿಗೆ ಕರೆಂಟ್ ಅಂದರೆ ಭಯ. ನಮ್ಮನೆಯವರು ಕೆಲಸದಿಂದ ಬಂದಮೇಲೆ ಹಾಕಿಸುತ್ತೇನೆ ಎಂದರು.

"ಅಕ್ಕ, ಅಷ್ಟೊತ್ತು ಕಾಯೋಕಾಗಲ್ಲ. ಇವರಿಗೆ ಉಸಿರಾಡೋಕೇ ಆಗ್ತಿಲ್ಲ," ಎಂದೆ.

ಅವರು ಬಾಗಿಲು ತೆಗೆದ ಸದ್ದು ಕೇಳಿಸಿತು. ಆಮೇಲೆ, "ಎರಡಿದೆಯಲ್ಲಮ್ಮ, ನಿಮ್ದು ಯಾವ್ದು?"

"ಎಡಗಡೆದು. ಮೇಲಕ್ಕೆತ್ತಿ."

ಟಕ್ ಎಂದಿತು. ಇತ್ತ ನರ್ಸ್ ಸಿರಿಂಜ್ ತುಂಬಿ ಟ್ರೇನಲ್ಲಿಟ್ಟಿದ್ದರು. ಯಜಮಾನರ ತುಟಿ ನೀಲಿಯಾಗುತ್ತಿತ್ತು. ಇನ್ನು ತಡ ಮಾಡುವಂತಿಲ್ಲ ಎಂದರು ಡಾಕ್ಟರು. ಎರಡು ನಿಮಿಷ ಕೊಡಿ ಎಂದು ಬೇಡಿಕೊಂಡೆ. ಅಷ್ಟರಲ್ಲಿ ರೂಟರ್ ಶುರುವಾಗಿ ಆ್ಯಪ್ ಪಾಸ್‌ವರ್ಡ್ ಕೇಳಿತು. ಬೆವರಿದ ಬೆರಳಿಗೆ ಪಾಸ್‌ವರ್ಡ್ ಎರಡು ಸಲ ತಪ್ಪಿತು. ಮೂರನೇ ಸಲಕ್ಕೆ 'ಅಪ್ಪ' ಎಂಬ ಫೋಲ್ಡರ್ ತೆರೆಯಿತು. ಡಿಸ್ಚಾರ್ಜ್ ಪತ್ರದ ಎರಡನೇ ಪುಟದಲ್ಲಿ ಆ ಔಷಧಿಯ ಹೆಸರಿತ್ತು. ಫೋನನ್ನು ಡಾಕ್ಟರ ಮುಂದೆ ಹಿಡಿದೆ.

ಅವರು ಓದಿ ಟ್ರೇ ಕಡೆ ನೋಡಿದರು. "ಇದೂ ಅದೇ ಜಾತೀದು. ತಗದಿಡ್ರಿ," ಎಂದು ನರ್ಸಿಗೆ ಹೇಳಿದರು.

ಬೇರೆ ಔಷಧಿ ಹಾಕಿದರು. ನಾನು ಕಾರಿಡಾರಿನ ಬೆಂಚಿನ ಮೇಲೆ ಕುಳಿತೆ. ಸಂಜೆಯ ಹೊತ್ತಿಗೆ ಯಜಮಾನರ ಉಸಿರಾಟ ಹಗುರವಾಯಿತು. ಮಗಳ ಫೋನ್ ಬಂದಾಗ ಮೆಲ್ಲಗೆ ಅವರೇ ಮಾತಾಡಿದರು.